ಬಿಚ್ಚಿ ಕಟ್ಟಿದ ಬಾಣಂತಿ ಕೋಣೆ

ಮಾಳಿಗೆಯ ಮೇಲೆ ಮೆಣಸಿನಕಾಯಿ ತಿರುವಿ ಹಾಕುತ್ತಿದ್ದೆ. ಶಿವರಾತ್ರಿ ಮುಗಿದು ಬಿಸಿಲಿಗೆ ಕಾವು ಬರತೊಡಗಿದ ದಿನಗಳು. ಘಾಟಿಗೆ ಕಣ್ಣು ಉರಿಯುತ್ತಿತ್ತು, ಸೆರಗನ್ನು ಮೂಗಿಗೆ ಬಿಗಿದಿದ್ದೆ. ಕಾಲ ಕೆಳಗೆ ಮನೆ ಒಮ್ಮೆ ನಡುಗಿತು. ಹಿತ್ತಲ ಕಡೆ ಜೋಳದ ಚೀಲಗಳನ್ನು ಒಟ್ಟಿಗೆ ಕೆಡವಿದಂಥ ಸಪ್ಪಳ, ಅದರ ಹಿಂದೆಯೇ ಧೂಳು. ಪಕ್ಕದ ಮನೆಯಾಕೆ ಓಣಿಯಲ್ಲಿ ನಿಂತು ಒದರಿದಳು.

"ಯಕ್ಕಾ, ನಿಮ್ಮ ಹಿಂದಿನ ಗ್ವಾಡಿ ಬಿತ್ತು! ಜಲ್ದಿ ಇಳಿ ಕೆಳಗ!"

"ತಡಿಬೇ, ಮೆಣಸಿನಕಾಯಿ ಬಳಕೊಂಡು..."

"ಸುಡ್ಲಿ ನಿನ್ನ ಮೆಣಸಿನಕಾಯಿ! ಕಾಲಾಗಿನ ಮನೀನ ಹೊಂಟದ!"

ಇಳಿದೆ. ದನದ ಕೊಟ್ಟಿಗೆಯ ಬದಿಯ ಗೋಡೆ ಅದು. ನಡುವೆ ಹೊಟ್ಟೆ ಬಿಟ್ಟು ಎರಡು ಮಳೆಗಾಲ ಕಳೆದಿತ್ತು. ಸುಗ್ಗಿಯಾದ ಮೇಲೆ ನೋಡೋಣ ಎನ್ನುತ್ತಲೇ ಬಂದಿದ್ದೆವು. ಎತ್ತುಗಳು ಹೊಲಕ್ಕೆ ಹೋಗಿದ್ದವು. ಅತ್ತೆ ಗುಡಿಗೆ ಹೋಗಿದ್ದರು. ನಾನು ಮಾಳಿಗೆಯ ಮೇಲಿದ್ದರೂ ಆ ತುದಿಯಲ್ಲಿರಲಿಲ್ಲ. ಬಿದ್ದ ಕಲ್ಲುಗಳ ಮುಂದೆ ನಿಂತು ಮೊದಲು ಇಷ್ಟಕ್ಕೇ ಶಿವನಿಗೆ ಕೈಮುಗಿದೆ. ಆಮೇಲೆ ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತೆ. ನೆನಪಾದದ್ದು ಮಗಳು.

ಆಕೆಯನ್ನು ಸುರಪುರದ ಕಡೆ ಬೋನಾಳಕ್ಕೆ ಕೊಟ್ಟಿದ್ದೇವೆ. ಚೊಚ್ಚಲ ಬಸಿರು, ಐದು ತುಂಬಿತ್ತು. ಕುಬಸ, ಅಂದರೆ ಸೀಮಂತ, ಮಾಡಿ ತವರಿಗೆ ಕರೆದುಕೊಂಡು ಬರುವುದು ನಮ್ಮಲ್ಲಿ ಪದ್ಧತಿ. ಹೆರಿಗೆ ಈಗ ದವಾಖಾನೆಯಲ್ಲಾಗುತ್ತದೆ, ಅದು ಸರಿ. ಆದರೆ ಹಸಿ ಬಾಣಂತಿಗೆ ಗಾಳಿ ತಾಗದ, ಹೊಗೆ ಹಾಕಲು ಬರುವ, ಎಣ್ಣೆ ನೀರು ಎರೆಯಲು ಬರುವ ಒಂದು ಕೋಣೆ ಬೇಕು. ನಮ್ಮ ಆ ಕೋಣೆಯ ತೊಲೆಗಳು ತಲೆಯಿಟ್ಟಿದ್ದದ್ದು ಬಿದ್ದ ಗೋಡೆಯ ಮೇಲೆಯೇ, ಈಗ ಉಳಿದ ಒಳಮೈಯ ಕಲ್ಲಿನ ಮೇಲೆ ಹೇಗೋ ನಿಂತಿದ್ದವು.

ಮರುದಿನ ಗೋಡೆ ಕಟ್ಟುವ ಗೌಂಡಿ ಬಂದು ನೋಡಿದ. ಉಳಿದ ಗೋಡೆಗಳನ್ನು ಕೈಯಿಂದ ತಟ್ಟುತ್ತ ಸುತ್ತು ಹಾಕಿ, "ಇದರಾಗ ಇರಬ್ಯಾಡ್ರಿ, ಉಳಿದದ್ದೂ ಜೋಲಿ ಹೊಡಿಯಾಕತ್ತದ" ಎಂದ. ಅಂಗಳದಲ್ಲಿ ತಗಡು ಹೊದಿಸಿ ಸಾಮಾನು ಅಲ್ಲಿಗೆ ಸಾಗಿಸಿದೆವು. ನಮ್ಮ ಯಜಮಾನರು ಜೆಸಿಬಿಯವನಿಗೆ ಹೇಳಿ ಬಂದರು. ಒಂದು ದಿನದ ಕೆಲಸ, ಎಲ್ಲ ಬಳಿದು ಊರ ಹೊರಗಿನ ತಗ್ಗಿಗೆ ಸುರಿದರೆ ಜಾಗ ಖಾಲಿ. ಆಮೇಲೆ ಸಿಮೆಂಟಿನ ಮನೆ ಎಬ್ಬಿಸುವುದು ಎಂದು ಅವರ ಲೆಕ್ಕ.

ಅತ್ತೆ ಕೇಳಿಸಿಕೊಂಡರು. ಮಣೆ ಸರಿಸಿ ಕುಳಿತರು.

"ಮನ್ಯಾಗ ಬಸುರಿ ಇದ್ದಾಗ ಹೊಸ ಬುನಾದಿ ತೋಡಂಗಿಲ್ಲ. ಹೊಸ ಬಾಗಲಾ ನಿಂದ್ರಸಂಗಿಲ್ಲ. ನಿನಗ ಗೊತ್ತಿಲ್ಲೇನು?"

"ಆಕಿನ್ನ ಕೊಟ್ಟೀವಿ ಯವ್ವಾ. ಆಕಿ ಬೋನಾಳದ ಮನ್ಯಾಕಿ ಈಗ."

"ಬಾಣಂತನಕ್ಕ ಬರೋದು ಎಲ್ಲಿಗಪಾ? ಇಲ್ಲಿಗೋ, ಬೋನಾಳದ ಕೆರಿ ದಂಡಿಗೋ?"

"ಹಂಗಾರ ಈ ತಗಡಿನ ಬುಡಕ ಇರೂನೇನು ಮಳಿಗಾಲದಾಗ?"

ಅತ್ತೆ ಮಣೆ ಎತ್ತಿಕೊಂಡು ಎದ್ದುಹೋದರು. ಆ ದಿನ ಇಬ್ಬರಿಗೂ ಬೇರೆ ಬೇರೆಯಾಗಿ ಉಣ್ಣಲು ಇಕ್ಕಿದೆ. ಎರಡು ಮಾತೂ ನನಗೆ ನಿಜ ಅನ್ನಿಸುತ್ತಿತ್ತು. ಶಾಸ್ತ್ರ ಬಿಡಲು ನನಗೆ ಧೈರ್ಯವಿಲ್ಲ, ಮಗಳನ್ನು ಬಿಡಲೂ ಇಲ್ಲ.

ಮರುದಿನ ಲಿಂಗಪೂಜೆ ಮುಗಿಸಿ, ವಿಭೂತಿ ಒಣಗುವ ಮುಂಚೆಯೇ ಅತ್ತೆ ಮಗನನ್ನು ಕರೆದರು.

"ಹೊಸದು ಕಟ್ಟಬ್ಯಾಡ್ರಿ. ಹಳೇದ ಬಿಚ್ಚಿ ಹಳೇದ ಕಟ್ರಿ. ಅದ ಬುನಾದಿ, ಅದ ಕಲ್ಲು, ಅದ ಬಾಗಲಾ. ಹರಿದ ಅಂಗಿ ಹೊಲಿಗಿ ಬಿಚ್ಚಿ ಮತ್ತ ಹೊಲದ್ರ ಅದು ಹೊಸ ಅಂಗಿ ಅಲ್ಲ."

ಯಜಮಾನರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಆದರೆ ಕೆಲಸದ ಮಾತಿಗೆ ಬಂದಿದ್ದ ಗೌಂಡಿ ನಕ್ಕುಬಿಟ್ಟ. "ಶಾಸ್ತ್ರದಾಗೂ ಕಿಂಡಿ ಹುಡಿಕ್ಯಾರ ನೋಡ್ರಿ ಅಮ್ಮಾರು! ಆತು, ಬಿಚ್ಚೂನು. ಆದ್ರ ಒಂದು ಹೇಳತೀನಿ. ಒಡಿಯೋದು ಒಂದ ದಿನದ್ದು. ಬಿಚ್ಚೋದಕ್ಕ ಅವಸರ ಮಾಡಿದ್ರ ಕಲ್ಲು ನಮ್ಮ ಕಾಲಮ್ಯಾಲೇ ಬೀಳತದ."

ಜೆಸಿಬಿ ಬೇಡವಾಯಿತು. ಮನೆ ಬಿಚ್ಚುವುದೆಂದರೆ ಏನು ಎಂದು ನನಗೆ ಗೊತ್ತಾದದ್ದು ಆಗ. ಕಟ್ಟುವಾಗ ಕೊನೆಗೆ ಇಟ್ಟದ್ದನ್ನು ಬಿಚ್ಚುವಾಗ ಮೊದಲು ತೆಗೆಯಬೇಕು. ಮೊದಲು ಎಲ್ಲ ತೊಲೆಗಳ ಕೆಳಗೆ ಊರುಗೋಲು ಕೊಟ್ಟರು. ಆಮೇಲೆ ಮಾಳಿಗೆಯ ಮಣ್ಣು. ಮೇಲಿನ ಪದರ ಸವುಳು ಮಣ್ಣು. ಅದು ನೀರು ಕುಡಿಯುವುದಿಲ್ಲ, ಅದನ್ನು ಬೇರೆ ಗುಡ್ಡೆ ಮಾಡಬೇಕು. ಅದರ ಕೆಳಗೆ ತುಳಿದ ಕೆಂಪು ಮಣ್ಣು, ಅದೊಂದು ಗುಡ್ಡೆ. ಅದರ ಕೆಳಗೆ ಪುಡಿಯಾದ ಬೇವಿನ ಸೊಪ್ಪು, ತೊಗರಿ ಕಟ್ಟಿಗೆ. ಆಮೇಲೆ ಅಡ್ಡಡ್ಡ ಹಾಕಿದ ಜಂತಿಗಳು, ಜಂತಿ ಹೊತ್ತ ತೊಲೆ, ತೊಲೆ ಹೊತ್ತ ಬೋದಿಗೆ, ಬೋದಿಗೆ ಹೊತ್ತ ಕಂಬ. ಕಡೆಗೆ ಗೋಡೆ. ಮುಖ ಕೆತ್ತಿದ ಕಲ್ಲು ಒಂದು ಕಡೆ, ಒಳಗೆ ತುಂಬಿದ ಚೂರುಗಲ್ಲು ಒಂದು ಕಡೆ.

ನನ್ನ ಪಾಲಿಗೆ ಬಂದದ್ದು ಮಣ್ಣು ಸೋಸುವುದು. ಗೋಡೆಯ ಮಣ್ಣನ್ನು ಪುಟ್ಟಿಯಲ್ಲಿ ತಂದು ಸುರಿಯುತ್ತಿದ್ದರು, ಬೇರು, ಗಾಜು, ಇಲಿಯ ಗೂಡು ಆರಿಸಿ ಜರಡಿ ಹಿಡಿಯುತ್ತಿದ್ದೆ. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಕುಳಿತರೆ ಏಳುವಾಗ ಸೊಂಟ ಏಳುತ್ತಿರಲಿಲ್ಲ. ಕೆಮ್ಮಿದರೆ ಮಣ್ಣು ಬರುತ್ತಿತ್ತು. ನಮ್ಮ ಓಣಿಯ ಬೋರು ಆ ಬೇಸಿಗೆಯಲ್ಲಿ ಬತ್ತಿತ್ತು; ದೂರದ ಬೋರಿನಿಂದ ಹೊತ್ತು ತಂದರೆ ದಿನದ ಕೊನೆಗೆ ತಲೆ ಮೇಲೆ ಎರಡು ಕೊಡ ಸುರಿದುಕೊಳ್ಳುವಷ್ಟಾದರೂ ಸಿಗುತ್ತಿತ್ತು. ಅದೂ ದೊಡ್ಡದೇ.

ಶಹಾಪುರದಿಂದ ಒಬ್ಬ ಇಂಜಿನಿಯರ್ ಹೆಣ್ಣುಮಗಳು ಒಂದು ಸಲ ಬಂದಳು. ಗೌಂಡಿಗೆ ಪರಿಚಯದವಳು. ನಮ್ಮ ಗುಡ್ಡೆಗಳ ನಡುವೆ ಓಡಾಡಿ ಬಹಳ ಖುಷಿಪಟ್ಟಳು. ಗೋಡೆ ಯಾಕೆ ಹೊಟ್ಟೆ ಬಿಟ್ಟಿತೆಂದು ಅವಳೇ ತಿಳಿಸಿ ಹೇಳಿದ್ದು. ವರ್ಷವರ್ಷವೂ ಸೋರಿದಲ್ಲಿ ಮೇಲೆ ಮಣ್ಣು ಹಾಕುತ್ತ ಬಂದು ಮಾಳಿಗೆ ತೂಕವಾಗಿದೆ. ಗೋಡೆಯ ಎರಡು ಮುಖಗಳನ್ನು ಕೂಡಿಸಿ ಹಿಡಿಯುವ ಉದ್ದ ಕಲ್ಲುಗಳು ಒಳಗೆ ಕಡಿಮೆ. "ಕಟ್ಟುವಾಗ ಅಲ್ಲಲ್ಲಿ ಉದ್ದ ಕಲ್ಲು ಅಡ್ಡ ಕೂಡಿಸ್ರಿ, ಮಾಳಿಗೆ ತೆಳ್ಳಗ ಮಾಡ್ರಿ. ಗೋಡೆಯೊಳಗೆ ಹೋಗಿದ್ದ ತೊಲೆಯ ತಲೆಗಳನ್ನ ಚುಚ್ಚಿ ನೋಡದೆ ನಂಬಬ್ಯಾಡ್ರಿ" ಎಂದಳು. ಹೊರಡುವಾಗ, ಹೀಗೆ ಒಂದು ಕಟ್ಟಡದ ವಸ್ತು ಕಸವಾಗದೆ ಇನ್ನೊಂದಕ್ಕೆ ತಿರುಗಿ ಬರುವುದಕ್ಕೆ ಸರ್ಕ್ಯುಲರ್ ಎಕಾನಮಿ ಅನ್ನುತ್ತಾರೆ, ಈಗ ದೊಡ್ಡ ದೊಡ್ಡ ಊರುಗಳಲ್ಲಿ ಇದನ್ನು ಕಲಿಯುತ್ತಿದ್ದಾರೆ ಎಂದಳು.

"ಕಲೀಲಿ, ಚಲೋ ಆತು," ಎಂದರು ಅತ್ತೆ. "ಅಲ್ಲಿ ಜರಡಿ ಹಿಡಿಯೋರು ಯಾರವ್ವಾ?"

ಅವಳು ನಕ್ಕು, ನನ್ನ ಪಕ್ಕ ಕುಳಿತು ಒಂದು ಪುಟ್ಟಿ ಮಣ್ಣು ಸೋಸಿಯೇ ಹೋದಳು.

ಬಡಿಗ ಪ್ರತಿ ಮರದ ತುಂಡಿಗೂ ಸುಣ್ಣದಲ್ಲಿ ಗೆರೆ ಎಳೆದು ಗುರುತು ಹಾಕಿದ್ದ. ಅಡುಗೆಮನೆಯದಕ್ಕೆ ಒಂದು ಬಗೆ, ಪಡಸಾಲೆಯದಕ್ಕೆ ಒಂದು ಬಗೆ, ಕೋಣೆಯದಕ್ಕೆ ಒಂದು ಬಗೆ. ಹಿಂದಿನವರು ಒಂದೊಂದು ಕಂಬದ ತಲೆಗೂ ಕೈಯಿಂದ ಗೂಟ ಕೆತ್ತಿ ಬೋದಿಗೆ ಕೂಡಿಸಿದ್ದರು. ಒಂದರ ಬೋದಿಗೆ ಇನ್ನೊಂದಕ್ಕೆ ಕೂಡುವುದಿಲ್ಲ. ಯುಗಾದಿ ಹತ್ತಿರ ಬರುವ ಹೊತ್ತಿಗೆ ಮನೆ ಪೂರ್ತಿ ನೆಲಕ್ಕಿಳಿದಿತ್ತು. ಅಂಗಳದ ತುಂಬ ಸಾಲಾಗಿ ಮಲಗಿತ್ತು.

ಅಮಾವಾಸ್ಯೆಯ ದಿನ ನಾನು ಹಬ್ಬದ ಸಾಮಾನಿಗೆಂದು ಟಂಟಂ ಆಟೋ ಹತ್ತಿ ಶಹಾಪುರಕ್ಕೆ ಹೋಗಿದ್ದೆ. ವಾಪಸು ಬಂದಾಗ ಅಂಗಳವೆಲ್ಲ ಹಸಿ. ಅತ್ತೆ, ಪಕ್ಕದ ಮನೆಯಾಕೆ, ಆಕೆಯ ನಾದಿನಿ, ಮೂವರೂ ಸೆರಗು ಸಿಕ್ಕಿಸಿ ಕೊನೆಯ ಜಂತಿಯನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದರು. ಯುಗಾದಿಗೆ ಮನೆ ತೊಳೆಯುವುದು ತಪ್ಪುವುದುಂಟೇ? ಮನೆ ನಿಂತಿದ್ದರೇನು, ಮಲಗಿದ್ದರೇನು. ತೊಳೆದದ್ದಷ್ಟೇ ಅಲ್ಲ, ಕಂಬ, ತೊಲೆ, ಬೋದಿಗೆ ಎನ್ನದೆ ಎಲ್ಲಕ್ಕೂ ಮೂರು ಮೂರು ಬೆರಳು ವಿಭೂತಿ ಎಳೆದಿದ್ದರು. ಎಲ್ಲವೂ ಒಂದೇ ತರಹ, ಮಠದ ಸ್ವಾಮಿಗಳು ಸಾಲಾಗಿ ಮಲಗಿದ ಹಾಗೆ.

"ಹೆಂಗ ಕಾಣತದ ನೋಡು," ಎಂದರು ಅತ್ತೆ, ಬೆವರು ಒರೆಸಿಕೊಳ್ಳುತ್ತ.

ಬಡಿಗನ ಗೆರೆಗಳನ್ನು ಕಣ್ಣಲ್ಲೇ ಹುಡುಕಿದೆ, ಒಂದೂ ಕಾಣಲಿಲ್ಲ. ದೂರದ ಬೋರಿನಿಂದ ಹೊತ್ತು ತಂದ ನೀರು ಅದು. ಎಪ್ಪತ್ತು ದಾಟಿದ ಜೀವ ಇಡೀ ದಿನ ಬಗ್ಗಿ ತೊಳೆದಿತ್ತು. "ಚಲೋ ಕಾಣತದ ಅತ್ತಿ" ಎಂದೆ.

ಹಬ್ಬ ಮುಗಿಸಿ ಬಂದ ಬಡಿಗ ಅಂಗಳದಲ್ಲಿ ನಿಂತವನು ನಿಂತೇ ಇದ್ದ.

"ಯವ್ವಾ, ಶಿವನ್ನ ಬರದೀರಿ, ಭಾಳ ಚಲೋ. ನನ್ನ ಗುರುತು ಎಲ್ಲಿ ಹೋದ್ವು?"

"ಸುಣ್ಣ ಹತ್ತಿತ್ತಪಾ, ತೊಳದೀವಿ."

"ಸುಣ್ಣ ಹತ್ತಿತ್ತಂತ! ನಾನ ಹಚ್ಚಿದ್ದೆನಬೇ ಯವ್ವಾ!" ಹೆಗಲ ಟವಲು ಝಾಡಿಸಿ, ಗೋಗಿ ಊರಲ್ಲಿ ಒಂದು ಬಾಗಿಲ ಕೆಲಸ ಇದೆ, ಇವನ್ನು ನೀವೇ ಹೊಂದಿಸಿಟ್ಟ ಮೇಲೆ ಹೇಳಿ ಕಳಿಸಿ ಎಂದು ಹೊರಟೇಬಿಟ್ಟ. ಅತ್ತೆ ಆ ದಿನ ಮಧ್ಯಾಹ್ನ ಉಣ್ಣಲಿಲ್ಲ. ಯಜಮಾನರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ಅತ್ತೆಗೂ ತಿರುಗಿ ಒಂದು ಮಾತು ಅನ್ನಲು ಬರುತ್ತಿತ್ತು.

ಮರುದಿನದಿಂದ ನಾನು ಮತ್ತು ಅತ್ತೆ ಕುಳಿತೆವು. ಬೇರೆ ದಾರಿ ಇರಲಿಲ್ಲ. ಆ ಮನೆಯಲ್ಲಿ ನಾವು ಬಾಳಿದ್ದೆವಲ್ಲ, ಅದೊಂದೇ ಆಧಾರ. ಮಸಿ ಹಿಡಿದು ಅಂಟಂಟಾಗಿದ್ದವು ಅಡುಗೆಮನೆಯವು. ತೊಳೆದರೂ ಕರಿ ಹೋಗಿರಲಿಲ್ಲ. ಕೆಳಗೆ ನುಣುಪಾಗಿದ್ದ ಕಂಬಗಳು ಕೊಟ್ಟಿಗೆಯವು, ಎತ್ತು ಕುತ್ತಿಗೆ ತಿಕ್ಕಿದ್ದವು. ಮಗಳ ತೊಟ್ಟಿಲು ಕಟ್ಟಿದ್ದ ಕೊಂಡಿಯ ತೂತು ಸಿಕ್ಕಾಗ ಕೋಣೆಯ ತೊಲೆ ಗೊತ್ತಾಯಿತು. ಬೋದಿಗೆಗಳನ್ನು ಮಾತ್ರ ಒಂದೊಂದಾಗಿ ಎತ್ತಿ ಕಂಬದ ತಲೆಗಿಟ್ಟು ನೋಡಬೇಕಿತ್ತು. ಕೂಡದಿದ್ದರೆ ಇಳಿಸು, ಇನ್ನೊಂದು ಎತ್ತು. ತೋಳು ಬಿದ್ದುಹೋಗುತ್ತಿದ್ದವು. "ಇದು ಅದರದ್ದಲ್ಲಬೇ, ಇದಕ್ಕ ಮೂಗು ಗಿಡ್ಡದ" ಎಂದು ಅತ್ತೆ ಹೇಳಿದ್ದು ಒಮ್ಮೊಮ್ಮೆ ಸರಿಯಾಗುತ್ತಿತ್ತು, ಒಮ್ಮೊಮ್ಮೆ ಇಲ್ಲ. ಎರಡಕ್ಕೆ ಜೋಡಿ ಕಡೆಗೂ ಸಿಗಲೇ ಇಲ್ಲ. ಅವುಗಳಲ್ಲಿ ಒಂದು ಇವತ್ತಿಗೂ ಅಡುಗೆಮನೆಯಲ್ಲಿ ಓರೆಯಾಗಿಯೇ ಕುಳಿತಿದೆ.

ಬಡಿಗ ಮರಳಿ ಬಂದ, ಸಿಟ್ಟು ಇಳಿದಿತ್ತು. ಆದರೆ ಕೋಣೆಯ ತೊಲೆಗಳ ತಲೆಯನ್ನು ಉಳಿಯಿಂದ ಚುಚ್ಚಿದಾಗ ಉಳಿ ಹಿಡಿಯ ತನಕ ಒಳಗೆ ಹೋಯಿತು. ಬಿದ್ದ ಗೋಡೆಯೊಳಗೆ ನೀರು ಇಳಿದು ಒರಲೆ ಹುಳ ಹತ್ತಿತ್ತು. ಹೊರಗೆ ಗಟ್ಟಿ, ಒಳಗೆ ಹಿಟ್ಟು. ತೊಟ್ಟಿಲಿನ ತೊಲೆಯೂ ಹಾಗೆಯೇ.

ಯಜಮಾನರು ಕಬ್ಬಿಣದ ತೊಲೆ ಹಾಕಿಸೋಣ ಎಂದರು. ಅದು ಹೊಸದು ಎಂದರು ಅತ್ತೆ. ಯಜಮಾನರು ಶಹಾಪುರದ ಹಳೇ ಕಟ್ಟಿಗೆ ಮಾರುವ ಜಾಗಕ್ಕೆ ಹೋಗಿ ಸಾಗವಾನಿಯ ತೊಲೆ ನೋಡಿಕೊಂಡು ಬಂದರು.

"ಯಾರ ಮನ್ಯಾಗಿಂದು?" ಎಂದು ಕೇಳಿದರು ಅತ್ತೆ.

"ಯಾರಿಗ್ಗೊತ್ತು ಯವ್ವಾ? ಮಾರಾಂವಗೂ ಗೊತ್ತಿಲ್ಲ."

"ಯಾರು ಅಳಕೋತ ಮಾರ್ಯಾರೋ ಏನೋ. ಬಾಣಂತಿ ತಲಿಮ್ಯಾಲೆ ಅದನ್ನ ಹೊರಸಬ್ಯಾಡ."

"ಹೊಸದೂ ಬ್ಯಾಡ, ಮಂದಿದೂ ಬ್ಯಾಡ. ಹಂಗಾರ ನನ್ನ ಎರಡ ಕೈ ಎತ್ತಿ ನಿಂದರತೀನಿ, ಮ್ಯಾಲೆ ಜಂತಿ ಹಾಕ್ರಿ!" ಎಂದು ಅವರು ಹೊಲಕ್ಕೆ ಹೋದರು.

ಆ ವಾರವೇ ಬೀಗತಿ ಬಂದಳು, ಮಗಳ ಅತ್ತೆ. ಕುಬಸದ ಮಾತಿಗೆಂದು ಬಂದವಳು. ತಗಡಿನ ಕೆಳಗೆ ಚಾಪೆ ಹಾಸಿ ಚಹಾ ಕೊಟ್ಟೆ. ಅಂಗಳದ ಕಲ್ಲು, ಮಣ್ಣಿನ ಗುಡ್ಡೆಗಳನ್ನೆಲ್ಲ ನಿಧಾನವಾಗಿ ನೋಡಿದಳು.

"ಕುಬಸ ಮಾಡಿ ಕಳಸೂನು ಅಂದ್ರ ಎಲ್ಲಿಗಿ ಕಳಸಬೇಕು ಬೀಗತಿ? ಈ ಗುಡ್ಡಿಮ್ಯಾಲೇನು?"

"ಮಿರಗದ ಮಳಿ ಹಿಡಿಯೂದ್ರಾಗ ಕೋಣಿ ಆಗತದ್ರಿ."

"ಹೆಂಗ ಆಗತದ? ಮ್ಯಾಲ ನೋಡಿದ್ರ ಮುಗಲ ಕಾಣಾಕತ್ತದ. ಹೊತ್ತು ಹೋಗಿಲ್ಲ, ಬಾಣಂತನ ನಮ್ಮಲ್ಲೇ ಆಗಲಿ ಬಿಡ್ರಿ. ನಮ್ಮ ಮನಿಗಿ ನೆತ್ತಿಮ್ಯಾಲೆ ಸೂರು ಅದ."

ಕೆಟ್ಟವಳಲ್ಲ ಆಕೆ. ಆಕೆ ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು. ಆಕೆ ಹೋದ ಮೇಲೆ ಮಗಳು ಫೋನು ಮಾಡಿದಳು. "ಯವ್ವಾ, ನಾ ಇಲ್ಲೇ ಇರಲೇನು? ನೀ ಸುಮ್ನ ತ್ರಾಸ ಮಾಡ್ಕೋಬ್ಯಾಡ" ಎಂದಳು. ಧ್ವನಿಯಲ್ಲಿ ಅಳು ಇತ್ತು, ಮುಚ್ಚಿಕೊಂಡಿದ್ದಳು. ನಾಳೆ ಮಾತಾಡುತ್ತೇನೆ ಎಂದು ಫೋನು ಇಟ್ಟೆ.

ಇಟ್ಟು, ಅಂಗಳದಲ್ಲಿ ಮಲಗಿದ್ದ ಮರಗಳನ್ನೇ ನೋಡುತ್ತ ನಿಂತೆ. ಪಡಸಾಲೆಯ ತೊಲೆಗಳು ಉದ್ದ, ಗಟ್ಟಿ, ಒರಲೆ ಮುಟ್ಟಿರಲಿಲ್ಲ. ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಮರ ಅವೇ. ಪಡಸಾಲೆ ನಮ್ಮ ಯಜಮಾನರ ಅಭಿಮಾನ. ಊರ ಮಂದಿ ಬಂದು ಕೂರುವುದು ಅಲ್ಲಿ, ಮಾತುಕತೆ, ಲಗ್ನದ ನಿಶ್ಚಯ ಎಲ್ಲ ಅಲ್ಲೇ. ಸಂಜೆ ಅವರು ಹೊಲದಿಂದ ಬಂದು ಕಾಲು ತೊಳೆಯುವಾಗ ಹೇಳಿಬಿಟ್ಟೆ.

"ರೀ, ಪಡಸಾಲಿ ತೊಲಿ ಕೊಯ್ಸೂನ್ರಿ. ಕೋಣಿಗಿ ಹಾಕೂನು."

ಅವರು ತಂಬಿಗೆ ಕೆಳಗಿಟ್ಟರು. "ಒಮ್ಮಿ ಕೊಯ್ದ್ರ ಅದು ಮತ್ತ ಪಡಸಾಲಿಗಿ ಬರಂಗಿಲ್ಲ. ಅಷ್ಟುದ್ದದ ಮರಾ ಇನ್ನ ಸಿಗಂಗಿಲ್ಲ."

"ಗೊತ್ತದ್ರಿ."

"ಪಡಸಾಲಿ ಇಲ್ಲದ ಮನ್ಯಾಗ ಬೀಗರನ್ನ ಎಲ್ಲಿ ಕೂಡ್ರಸ್ತಿ?"

"ಕೋಣ್ಯಾಗ ಬಾಣಂತಿ ಇದ್ರ ಬೀಗರು ಕಟ್ಟಿಮ್ಯಾಲೂ ಕೂಡತಾರ. ಕೋಣಿ ಖಾಲಿ ಇದ್ರ ಪಡಸಾಲ್ಯಾಗ ಯಾರನ್ನ ಕೂಡ್ರಸೂದು?"

ಅವರು ಕಾಲು ಒರೆಸಿಕೊಂಡು ಉಣ್ಣಲು ಕುಳಿತರು. ಮರುದಿನ ಬಡಿಗ ಗರಗಸ ತಂದಾಗ, "ಯಜಮಾನ್ರ, ಕೊಯ್ದ ಮ್ಯಾಲೆ ಅನ್ನಬ್ಯಾಡ್ರಿ" ಎಂದು ಕೈ ಕಟ್ಟಿ ನಿಂತ. ಯಜಮಾನರು ಇದ್ದಿಲು ತೆಗೆದುಕೊಂಡು ತಾವೇ ಅಳೆದು ಗೆರೆ ಎಳೆದರು. ಗರಗಸ ಓಡುವಾಗ ಅಲ್ಲಿ ನಿಲ್ಲಲಿಲ್ಲ, ಎತ್ತಿಗೆ ನೀರು ಕುಡಿಸುವ ನೆಪದಲ್ಲಿ ಹೋದರು. ಕೊಯ್ದ ಮರದ ಒಳಗು ಹೊಸದರ ಹಾಗೆ ಕೆಂಪಗಿತ್ತು, ವಾಸನೆ ಕೂಡ ಇತ್ತು. ಅಷ್ಟು ವರ್ಷ ಮನೆಯ ನೆತ್ತಿಯ ಮೇಲೆ ಅದು ಹಾಗೆಯೇ ಇತ್ತು ಎಂದು ನೆನೆದು ಶಿವಾ ಎಂದೆ.

ಅಲ್ಲಿಂದ ಕೆಲಸ ಓಡಿತು, ನಾವೂ ಅದರ ಹಿಂದೆ ಓಡಿದೆವು. ಸೋಸಿದ ಮಣ್ಣಿಗೆ ಹೊಟ್ಟು ಕಲಸಿ, ನೆನೆಸಿ, ಕೊಳೆಯಲು ಬಿಟ್ಟು ತುಳಿದೆವು. ಅದೇ ಬುನಾದಿಯ ಮೇಲೆ ಅದೇ ಕಲ್ಲು ಏರಿತು. ಇಂಜಿನಿಯರ್ ಹೇಳಿದ ಹಾಗೆ ಅಲ್ಲಲ್ಲಿ ಉದ್ದ ಕಲ್ಲು ಅಡ್ಡ ಕೂಡಿಸಿದರು. ಹಳೆಯ ಬಾಗಿಲನ್ನು ಹಳೆಯ ಹೊಸ್ತಿಲ ಮೇಲೇ ನಿಲ್ಲಿಸುವಾಗ ಅತ್ತೆ ಪೂಜೆಯನ್ನೂ ಮಾಡಲಿಲ್ಲ. ಪೂಜೆ ಮಾಡಿದರೆ ಹೊಸದೆಂದಾಗುತ್ತದೆ ಎಂದು ಹೆದರಿ, ಬರೀ ಕೈಮುಗಿದು ಸರಿದರು. ಅಡುಗೆಮನೆ, ಒಂದು ಕೋಣೆ, ಕೊಟ್ಟಿಗೆ. ಪಡಸಾಲೆಯ ಜಾಗ ಬಯಲು. ಅದರ ಕಲ್ಲುಗಳನ್ನು ಬದಿಗೆ ಒಟ್ಟಿದೆವು, ಯಾವಾಗಲಾದರೂ ಆದೀತು.

ಮಾಳಿಗೆಗೆ ಸವುಳು ಮಣ್ಣು ಬಡಿದು ಇನ್ನೂ ಹಸಿ ಇರುವಾಗಲೇ ರೋಹಿಣಿ ಮಳೆ ಹೊಡೆಯಿತು. ಮೇಲೆ ಹೊದಿಸಿದ್ದ ತಾಡಪತ್ರಿ ಹಾರಿ ನೆರೆಮನೆಯ ಬೇವಿನ ಗಿಡಕ್ಕೆ ಸಿಕ್ಕಿಕೊಂಡಿತು. ಅರ್ಧ ಮಣ್ಣು ಹರಿದು ಓಣಿಗೆ ಬಂತು. ನಾನು ಮಳೆಯಲ್ಲೇ ನಿಂತು ಅತ್ತುಬಿಟ್ಟೆ, ಬಹಳ ದಿನದ ಮೇಲೆ. ಮಳೆ ನಿಂತ ಮೇಲೆ ಪಕ್ಕದ ಮನೆಯಾಕೆ ಬುಟ್ಟಿ ಹಿಡಿದು ಬಂದಳು.

"ಅಳೂದು ಆತಿಲ್ಲೋ? ಮಣ್ಣು ಓಣ್ಯಾಗೇ ಅದ, ಎಲ್ಲಿ ಹೋಗೇದ? ಬಳೀ ನಡಿ."

ಬಳಿದು, ಮತ್ತೆ ಹೊತ್ತು, ಮತ್ತೆ ಬಡಿದೆವು. ಈ ಸಲ ಒಣಗುವ ತನಕ ಮಳೆ ತಡೆಯಿತು. ಅದು ಯಾರ ಪುಣ್ಯವೋ.

ಕೋಣೆ ನಿಂತಿತೆಂದು ಹೇಳಿ ಕಳಿಸಿದ ಮೇಲೆ ಬೀಗತಿ ಒಪ್ಪಿದಳು; ಕುಬಸ ತಡವಾಗಿಯೇ ಆಯಿತು. ಒಂಬತ್ತರಲ್ಲಿ ಮಗಳು ಬಂದಳು. ಹೊಸ್ತಿಲ ಮುಂದೆ ನಿಂತು, ಪಡಸಾಲೆ ಇದ್ದ ಬಯಲನ್ನು ನೋಡಿದಳು, ಅಪ್ಪನ ಮುಖ ನೋಡಿದಳು. ಒಳಗೆ ಹೋಗಿ ಕೋಣೆಯಲ್ಲಿ ಮಲಗಿದವಳು ಸಂಜೆಯ ತನಕ ಏಳಲಿಲ್ಲ. ಅಷ್ಟು ನಿದ್ದೆ ಬಂದಿತ್ತು ಅವಳಿಗೆ. ಹೆರಿಗೆ ಶಹಾಪುರದ ದವಾಖಾನೆಯಲ್ಲಿ ಆಯಿತು. ಹೆಣ್ಣು ಕೂಸು, ಸುಸೂತ್ರ. ಕೋಣೆಗೆ ಕರೆದುಕೊಂಡು ಬಂದ ದಿನ ಆರಿದ್ರಾ ಮಳೆ ಜೋರಾಗಿತ್ತು. ನಾನು ಒಂದು ಪಾತ್ರೆ ಹಿಡಿದುಕೊಂಡೇ ಮೂಲೆ ಮೂಲೆ ನೋಡಿದೆ. ಬಾಗಿಲ ಹತ್ತಿರ ಒಂದು ಕಡೆ ಸೋರಿತು, ಬಾಣಂತಿಯ ಹಾಸಿಗೆಯಿಂದ ದೂರ. ಇಷ್ಟು ಸಾಕು ಎಂದು ಪಾತ್ರೆ ಅಲ್ಲಿಟ್ಟೆ.

ಕೂಸನ್ನು ನೋಡಲು ಬೀಗತಿ ಬಂದಾಗ ನಿಜಕ್ಕೂ ಹೊರಗಿನ ಕಟ್ಟೆಯ ಮೇಲೆಯೇ ಕುಳಿತಳು. ಯಜಮಾನರು ತಾವೇ ಕಂಬಳಿ ಹಾಸಿಕೊಟ್ಟರು, ಮುಖ ಎತ್ತಲಿಲ್ಲ. ಆಮೇಲೆ ಆಕೆ ಒಳಗೆ ಬಂದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮೇಲಿನ ತೊಲೆ, ಜಂತಿ, ಗೋಡೆ, ಬಾಗಿಲು ಎಲ್ಲ ನೋಡಿದಳು.

"ಇಷ್ಟೆಲ್ಲ ಮಾಡಿ ಕಡೀಕ ಎಲ್ಲಾ ಹಳೇದ ಅದಲ್ಲ ಬೀಗತಿ?"

ಮೂಲೆಯಲ್ಲಿ ಕುಳಿತ ಅತ್ತೆ ಅಂದರು: "ಹೌದವ್ವ. ಈ ಮನ್ಯಾಗ ಹೊಸದಂದ್ರ ನಿನ್ನ ತೊಡಿಮ್ಯಾಲಿಂದು ಒಂದ."

ಬೀಗತಿ ಕೂಸಿನ ತಲೆ ಸವರಿದಳು. "ಇಲ್ಲಿ ಬೆಚ್ಚಗದ ಬಿಡ್ರಿ," ಎಂದಳು ಕಡೆಗೆ. "ಆಕಿನ್ನ ಐದು ತಿಂಗಳ ಇಟಗೋರಿ. ನಾ ಕರಿಯಾಕ ಅವಸರ ಮಾಡಂಗಿಲ್ಲ."

ಮಗಳು ನನ್ನ ಕಡೆ ನೋಡಿದಳು. ನಾನು ಗೋಡೆಗೆ ಕೈಕೊಟ್ಟು ಎದ್ದೆ. ಹಿತ್ತಲಲ್ಲಿ ಕೂಸಿನ ಬಟ್ಟೆ ನೆನೆಹಾಕಿದ್ದೆ, ಮೋಡ ಮತ್ತೆ ಕಟ್ಟುತ್ತಿತ್ತು. ಒಂದು ತಾಸಾದರೂ ಬಿಸಿಲು ಸಿಕ್ಕರೆ ಒಣಗಿಯಾವು ಎಂದು ಒಂದೊಂದಾಗಿ ಹಿಂಡತೊಡಗಿದೆ.